ಮದುವೆಯ ಭಾವಚಿತ್ರಗಳಲ್ಲಿ ಚರ್ಮವನ್ನು ತಿದ್ದುವ ಕ್ರಮ

ಹುಬ್ಬಳ್ಳಿ-ಧಾರವಾಡದ ಸ್ಟುಡಿಯೋಗಳಿಂದ ಬರುವ ಎಷ್ಟೋ ಮದುವೆ ಆಲ್ಬಮ್‌ಗಳಲ್ಲಿ ಮುಖಗಳು ಮೇಣದ ಗೊಂಬೆಯಂತೆ ಕಾಣುವುದಕ್ಕೆ ಕಾರಣ, ಇಡೀ ಮುಖಕ್ಕೆ ಒಮ್ಮೆಲೇ ಬ್ಲರ್ ಹಾಕುವುದು. ಕಲೆಗಳ ಜೊತೆಗೆ ಚರ್ಮದ ರಂಧ್ರಗಳೂ ಅಳಿದುಹೋಗುವುದರಿಂದ ಮುಖದ ಜೀವಕಳೆಯೇ ಹೋಗುತ್ತದೆ.

ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಕ್ಷೌರದ ಗಾಯ ಇವುಗಳನ್ನು ಧಾರಾಳವಾಗಿ ತೆಗೆಯಬಹುದು. ಮಚ್ಚೆ, ಹಳೆಯ ಗಾಯದ ಕಲೆ, ಅಜ್ಜಿಯ ಗದ್ದದ ಮೇಲಿನ ಹಚ್ಚೆ ಇವುಗಳನ್ನು ಮನೆಯವರನ್ನು ಕೇಳದೆ ಮುಟ್ಟಬಾರದು. ಫೋಟೋಶಾಪ್‌ನಲ್ಲಿ ಖಾಲಿ ಲೇಯರ್ (ಚಿತ್ರದ ಮೇಲಿನ ಪಾರದರ್ಶಕ ಪದರ) ಸೇರಿಸಿ, ಪಕ್ಕದ ಚರ್ಮದ ಮಾದರಿಯಿಂದ ಕಲೆ ಮುಚ್ಚುವ ಹೀಲಿಂಗ್ ಬ್ರಷ್‌ನ ಸ್ಯಾಂಪಲ್ ಆಯ್ಕೆಯನ್ನು ‘ಕರೆಂಟ್ ಆ್ಯಂಡ್ ಬಿಲೋ’ ಎಂದಿಟ್ಟುಕೊಂಡರೆ ಮೂಲಚಿತ್ರ ಹಾಗೆಯೇ ಉಳಿಯುತ್ತದೆ. ಬ್ರಷ್ ಕಲೆಗಿಂತ ತುಸು ದೊಡ್ಡದಿರಲಿ. ಮಾದರಿಯನ್ನು ಪಕ್ಕದ ಚರ್ಮದಿಂದಲೇ ಆಯ್ದುಕೊಳ್ಳಿ. ವಿಭೂತಿಯ ಅಂಚು ಮತ್ತು ಹುಬ್ಬಿನ ಬಳಿ ಈ ಬ್ರಷ್ ಅಕ್ಕಪಕ್ಕದ ಬಣ್ಣವನ್ನು ಎಳೆದುಕೊಂಡು ಮಸುಕು ಮಾಡುವುದರಿಂದ, ಅಲ್ಲಿ ಮಾದರಿಯನ್ನು ಇದ್ದ ಹಾಗೆಯೇ ನಕಲು ಮಾಡುವ ಕ್ಲೋನ್ ಸ್ಟ್ಯಾಂಪ್ ಮೇಲು.

ಬಣ್ಣದ ಏರುಪೇರಿಗೆ ಫ್ರೀಕ್ವೆನ್ಸಿ ಸೆಪರೇಷನ್ ಬೇಕು, ಅಂದರೆ ಚರ್ಮದ ಬಣ್ಣವನ್ನು ಕೆಳಗಿನ ಲೇಯರ್‌ಗೂ ರಂಧ್ರಗಳಂಥ ಸೂಕ್ಷ್ಮ ವಿವರವನ್ನು ಮೇಲಿನದಕ್ಕೂ ಬೇರ್ಪಡಿಸುವುದು. ಕಂಟ್ರೋಲ್-ಆಲ್ಟ್-ಶಿಫ್ಟ್-ಇ ಒತ್ತಿ ತಿದ್ದಿದ ಚಿತ್ರವನ್ನು ಒಂದೇ ಲೇಯರ್ ಆಗಿಸಿ, ಅದರ ಇನ್ನೊಂದು ಪ್ರತಿ ಮಾಡಿ. ಕೆಳಗಿನದಕ್ಕೆ, ರಂಧ್ರಗಳು ಮರೆಯಾಗುವಷ್ಟು ಮಾತ್ರ ಗಾಸಿಯನ್ ಬ್ಲರ್ ಕೊಡಿ. ಮೇಲಿನದನ್ನು ಆರಿಸಿ, ಅಪ್ಲೈ ಇಮೇಜ್‌ನಲ್ಲಿ ಕೆಳಗಿನ ಲೇಯರ್ ಅನ್ನು ಸೂಚಿಸಿ, ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128 ಎಂದು ತುಂಬಿರಿ. ಇದು 8 ಬಿಟ್ ಚಿತ್ರಕ್ಕೆ. 16 ಬಿಟ್ ಆದರೆ ಇನ್ವರ್ಟ್‌ಗೆ ಗುರುತು ಹಾಕಿ ಆ್ಯಡ್, ಸ್ಕೇಲ್ 2, ಆಫ್‌ಸೆಟ್ 0. ಬಳಿಕ ಆ ಲೇಯರ್‌ನ ಬ್ಲೆಂಡ್ ಮೋಡ್ ಅನ್ನು ಲೀನಿಯರ್ ಲೈಟ್‌ಗೆ ಬದಲಿಸಿದಾಗ ಚಿತ್ರ ಮೊದಲಿನಂತೆಯೇ ಕಾಣಬೇಕು. ಕಾಣದಿದ್ದರೆ ಯಾವುದೋ ಅಂಕಿ ತಪ್ಪಿದೆ. ಇನ್ನು ಕೆಳಗಿನ ಲೇಯರ್‌ನಲ್ಲಿ, ಫೆದರ್ ಇಟ್ಟ (ಅಂಚು ಮೃದುವಾಗಿಸಿದ) ಲಾಸೋ ಎಂಬ ಆಯ್ಕೆ ಉಪಕರಣದಿಂದ ಕಲೆಗಟ್ಟಿದ ಭಾಗವನ್ನಷ್ಟೇ ಸುತ್ತುಹಾಕಿ ಬ್ಲರ್ ಕೊಡಿ. ಮೂಗಿನ ಬದಿಯಲ್ಲಾಗಲಿ ದವಡೆಯಲ್ಲಾಗಲಿ ಬೆಳಕು-ನೆರಳಿನ ಗೆರೆಯನ್ನು ದಾಟಿದರೆ ಮುಖದ ಆಕಾರವೇ ಕೆಡುತ್ತದೆ.

ಅರಿಷಿಣದ ಶಾಸ್ತ್ರದ ಹಳದಿ ಕೆನ್ನೆಯ ಮೇಲೆ ಉಳಿದಿದ್ದರೆ ಹ್ಯೂ-ಸ್ಯಾಚುರೇಷನ್ ಲೇಯರ್‌ನಲ್ಲಿ ಯೆಲ್ಲೋಸ್ ಆರಿಸಿ ಸ್ಯಾಚುರೇಷನ್ ತಗ್ಗಿಸಿ. ಆ ಲೇಯರ್‌ನ ಮಾಸ್ಕ್ ಅನ್ನು (ಬಿಳಿ ಇದ್ದಲ್ಲಿ ಪರಿಣಾಮ ತೋರಿಸಿ, ಕಪ್ಪು ಇದ್ದಲ್ಲಿ ಮರೆಮಾಡುವ ಹೊದಿಕೆ) ಕಂಟ್ರೋಲ್-ಐ ಒತ್ತಿ ಕಪ್ಪಾಗಿಸಿ, ಬೇಕಾದಲ್ಲಿ ಮಾತ್ರ ಬಿಳಿ ಬ್ರಷ್ ಆಡಿಸಿ. ಇಲ್ಲವಾದರೆ ಬಂಗಾರದ ಒಡವೆಯೂ ಕಳೆಗುಂದುತ್ತದೆ. ‘ಸ್ವಲ್ಪ ಬೆಳ್ಳಗ ಮಾಡ್ರಿ’ ಎಂಬ ಬೇಡಿಕೆ ಬಂದೇ ಬರುತ್ತದೆ. ಎಕ್ಸ್‌ಪೋಶರ್ ಸರಿಪಡಿಸಿ ಅಲ್ಲಿಗೇ ನಿಲ್ಲುವುದು ಲೇಸು, ಕೈಗಳ ಬಣ್ಣ ಮುಖಕ್ಕೆ ಹೊಂದದಿದ್ದರೆ ಮೋಸ ಥಟ್ಟನೆ ತಿಳಿಯುತ್ತದೆ.

ಎಲ್ಲ ಮುಗಿದ ಮೇಲೆ ತಿದ್ದುಪಡಿಯ ಲೇಯರ್‌ಗಳನ್ನು ಒಂದು ಗ್ರೂಪಿಗೆ ಹಾಕಿ, ತಿದ್ದುಪಡಿ ಅತಿಯಾಗದಂತೆ ಅದರ ಒಪ್ಯಾಸಿಟಿಯನ್ನು (ಗಾಢತೆಯನ್ನು) ಸುಮಾರು 70 ಪ್ರತಿಶತಕ್ಕೆ ಇಳಿಸಿ ನೋಡಿ. 12×36 ಇಂಚಿನ ಆಲ್ಬಮ್ ಹಾಳೆಯ ಮುದ್ರಣಕ್ಕೆ ಕಳಿಸುವ ಮುನ್ನ ಒಬ್ಬರದೇ ಚಿತ್ರಗಳನ್ನೆಲ್ಲ ಒಟ್ಟಿಗೆ ತೆರೆದು ಹೋಲಿಸಿ: ಒಂದು ಪುಟದಲ್ಲಿರುವ ಮಚ್ಚೆ ಮುಂದಿನ ಪುಟದಲ್ಲೂ ಇರಬೇಕು.