ಐದನೆಯ ಬ್ಯಾಚಿನ ಹೊತ್ತಿಗೆ ಕೋಚ್ ಹೇಗಿರುತ್ತಾರೆ?

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಈಜುಕೊಳಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಆರರಿಂದ ಒಂದರ ಹಿಂದೊಂದು ಬ್ಯಾಚು, ಸಂಜೆ ಮತ್ತೆ ಅದೇ. ಮೊದಲ ಬ್ಯಾಚಿನಲ್ಲಿ ಮಗುವಿನ ಭಯ ಕರಗಲೆಂದು ಕಾಯುವ ಕೋಚ್, ಐದನೆಯ ಬ್ಯಾಚಿನಲ್ಲಿ ಅದೇ ಭಯಕ್ಕೆ ಗದರುತ್ತಾರೆ. ಇದನ್ನು ವರ್ಷಗಟ್ಟಲೆ ನೋಡಿದ್ದೇನೆ. ಹಾಗಾಗಿ ಶಿಬಿರದ ಹೊಣೆ ನನ್ನ ಪಾಲಿಗೆ ಬಂದಾಗ ಪಾಠಕ್ರಮಕ್ಕಿಂತ ಮೊದಲು ಕೋಚ್‌ಗಳ ಪಾಳಿಯನ್ನು ಬದಲಿಸಿದೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುತ್ತದೆ. 27–28 ಡಿಗ್ರಿಯ ನೀರು ಈಜುವವರಿಗೆ ಹಿತ. ಸೊಂಟದವರೆಗಿನ ನೀರಿನಲ್ಲಿ ನಿಂತು ಮಕ್ಕಳ ಬೆನ್ನಿಗೆ ಕೈ ಕೊಡುತ್ತಲೇ ಇರುವವರಿಗೆ ಅದು ಚಳಿಯೇ. ಈಗ ನಮ್ಮಲ್ಲಿ ಕೋಚ್‌ಗಳು ಜೋಡಿಯಾಗಿರುತ್ತಾರೆ: ಒಬ್ಬರು ನೀರಿನಲ್ಲಿ, ಇನ್ನೊಬ್ಬರು ದಡದಲ್ಲಿ, ಎರಡು ಬ್ಯಾಚಿಗೊಮ್ಮೆ ಅದಲುಬದಲು. ಲೈಫ್‌ಗಾರ್ಡ್ ಬೇರೆಯೇ ಇದ್ದರೂ ದಡದ ಕೋಚ್ ಕೈಯಲ್ಲಿ ಮೊಬೈಲ್ ಹಿಡಿಯುವಂತಿಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗಿಕೊಳ್ಳುವುದಿಲ್ಲ, ಸದ್ದಿಲ್ಲದೆ ಕೆಳಗಿಳಿಯುತ್ತದೆ. ಪುಟ್ಟ ಮಕ್ಕಳ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಯಾಯಿತೆಂದರೆ ಪಾಠ ಅಲ್ಲಿಗೇ ನಿಲ್ಲಬೇಕು, ಶುಲ್ಕ ಕೊಟ್ಟವರು ಗಡಿಯಾರ ನೋಡುತ್ತಿದ್ದರೂ ಸರಿಯೇ.

ಕೂಗಿ ಕೂಗಿ ಕೋಚ್‌ಗಳ ಗಂಟಲು ಕಟ್ಟುವ ವಿಷಯ ಸುಲಭವಾಗಿ ಬಗೆಹರಿಯಿತು. ಕಿವಿಗೆ ನೀರು ಹೊಕ್ಕ ಮಗುವಿಗೆ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ನೀರಿಗಿಳಿಯುವ ಮೊದಲೇ ನಾಲ್ಕೈದು ಕೈಸನ್ನೆ ಕಲಿಸುತ್ತೇವೆ. ಸೀಟಿ ತುರ್ತಿಗೆ ಮಾತ್ರ.

ಕ್ಲೋರಿನ್ ವಾಸನೆ ಘಮ್ಮೆಂದರೆ ನೀರು ಶುದ್ಧವಾಗಿದೆಯೆಂದು ಪೋಷಕರು ನಂಬುತ್ತಾರೆ. ನಿಜವೆಂದರೆ ಕ್ಲೋರಿನ್ ಬೆವರು, ಮೂತ್ರಗಳೊಡನೆ ಸೇರಿ ಆಗುವ ಕ್ಲೋರಮೈನ್‌ಗಳದ್ದೇ ಆ ವಾಸನೆ. ಕಣ್ಣುರಿ, ಕೆಮ್ಮು ಬರಿಸುವುದೂ ಅವೇ. ಮಗು ಒಂದು ಗಂಟೆಯಲ್ಲಿ ಮನೆಗೆ ಹೋಗುತ್ತದೆ, ಕೋಚ್ ಇಡೀ ದಿನ ಆ ಗಾಳಿಯನ್ನೇ ಉಸಿರಾಡುತ್ತಾರೆ. ಮುಚ್ಚಿದ ಕೊಳದಲ್ಲಂತೂ ಇದು ಇನ್ನೂ ಕೆಟ್ಟದು. ಆದ್ದರಿಂದ ಸೋಪು ಹಚ್ಚಿ ಶವರ್ ಮಾಡದವರಿಗೆ, ಶೌಚಾಲಯಕ್ಕೆ ಹೋಗಿಬರದವರಿಗೆ ನಮ್ಮಲ್ಲಿ ಪ್ರವೇಶವಿಲ್ಲ. ನೀರಿನ ಪಿಎಚ್ (ಆಮ್ಲ-ಕ್ಷಾರದ ಮಟ್ಟ) 7.2ರಿಂದ 7.8ರೊಳಗೆ ಇದೆಯೇ ಎಂದು ಬೆಳಿಗ್ಗೆ ಪರೀಕ್ಷಿಸಿ ಫಲಕದಲ್ಲಿ ಬರೆಯುತ್ತೇವೆ. ಶವರ್, ಶೌಚಾಲಯದ ಆ ನಿಯಮಕ್ಕೆ ಸಿಕ್ಕಷ್ಟು ಬೈಗುಳ ನನಗೆ ಬೇರಾವುದಕ್ಕೂ ಸಿಕ್ಕಿಲ್ಲ.

ಇನ್ನು ಭಯ. ನನ್ನ ತಂದೆ ಈಜು ಕಲಿತದ್ದು ಊರಿನ ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು. ಹಿಂದಿನಿಂದ ತಳ್ಳಿದ್ದರಿಂದಲೇ ಕಲಿತೆ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಹಾಗೆ ತಳ್ಳಿಸಿಕೊಂಡು ಮತ್ತೆ ನೀರಿನ ಹತ್ತಿರ ಸುಳಿಯದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಅವರು ನಲವತ್ತು ದಾಟಿದ ಮೇಲೆ ನನ್ನ ಬಳಿಗೆ ಬರುತ್ತಾರೆ. ನಮ್ಮಲ್ಲಿ ಮಗು ಮೆಟ್ಟಿಲ ಮೇಲೆ ಕುಳಿತು ನೀರಿನಲ್ಲಿ ಗುಳ್ಳೆ ಊದುತ್ತಲೇ ಒಂದು ವಾರ ಕಳೆದರೂ ಅದು ಪಾಠವೇ. "ಈಗ ಬೆನ್ನಿಗೆ ಕೈ ಕೊಡಲೇ?" ಎಂದು ಕೇಳದೆ ಯಾರೂ ಮುಟ್ಟುವುದಿಲ್ಲ. ಇದರಿಂದ ಮಗುವಿಗೂ ನೆಮ್ಮದಿ, ಕೋಚ್‌ಗೂ ರಕ್ಷಣೆ. ಹುಡುಗಿಯರು "ಇವತ್ತು ದಡದ ಅಭ್ಯಾಸ, ಮೇಡಂ" ಎಂದರೆ ಸಾಕು, ಕಾರಣ ಕೇಳುವುದಿಲ್ಲ. ಪೋಷಕರ ಕುರ್ಚಿಗಳನ್ನು ಕೊಳದ ಅಂಚಿನಿಂದ ದೂರ ಸರಿಸಿದ್ದೇವೆ. "21 ದಿನದಲ್ಲಿ ಈಜು" ಎಂಬ ಫಲಕವನ್ನು ನಾನೇ ಇಳಿಸಿದೆ.

ಇಷ್ಟಾದರೂ ಮೂಲ ತೊಡಕು ಹಣದ್ದು. ಬ್ಯಾಚಿನ ಲೆಕ್ಕದಲ್ಲಿ ಸಂಬಳ ಬಂದರೆ ಯಾವ ಕೋಚ್ ತಾನೆ ಒಂದು ಬ್ಯಾಚು ಬಿಟ್ಟುಕೊಡುತ್ತಾರೆ? ಜೂನ್‌ನಲ್ಲಿ ಶಾಲೆ, ಮಳೆ ಎರಡೂ ಶುರುವಾದರೆ ಕೊಳ ಖಾಲಿ, ಅವರ ಜೇಬೂ ಖಾಲಿ. ವರ್ಷವಿಡೀ ತಿಂಗಳ ಸಂಬಳ ಕೊಡಿ ಎಂದು ಆಡಳಿತದವರನ್ನು ಕೇಳಿದೆ. ಹಿರಿಯ ಕೋಚ್‌ಗಳಿಗೆ ಒಪ್ಪಿದರು, ಹೊಸಬರಿಗೆ ಒಪ್ಪಲಿಲ್ಲ. ಆ ಹೊಸಬರು ಸಂಜೆ ನಮ್ಮಲ್ಲಿ ಪಾಳಿ ಮುಗಿಸಿ ಬೇರೆ ಕೊಳಕ್ಕೆ ಓಡುತ್ತಾರೆ, ಅದು ಗೊತ್ತಿದ್ದೂ ತಡೆಯುವ ಹಕ್ಕು ನನಗಿಲ್ಲ.