ಒಂದು ಮೊಳ ದಾರದಲ್ಲಿ ಕಸೂತಿ ಕಲಿಯಿರಿ

ಹತ್ತಿ ಗಿರಣಿಗಳಿಂದ ಹೆಸರಾದ ಊರು ದಾವಣಗೆರೆ. ಇಲ್ಲಿ ಕಸೂತಿ ಕಲಿಯಲು ಹತ್ತಿ ಬಟ್ಟೆಗೆ ಬರವೇ? ಹಳೇ ಪಂಚೆಯ ತುಂಡಾದರೂ ನಡೆಯುತ್ತದೆ. ಹೊಸ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಿ. ಹೂವು ಹಾಕಿದ ಮೇಲೆ ಬಟ್ಟೆ ಕುಗ್ಗಿದರೆ ಹೂವೂ ಮುದುಡುತ್ತದೆ.

ಬಟ್ಟೆ ಹಿಡಿದಿಡಲು 6 ಇಂಚಿನ ರಿಂಗ್, 8ನೇ ನಂಬರಿನ ಕಸೂತಿ ಸೂಜಿ, ಎರಡು ಬಣ್ಣದ ಆಂಕರ್ ಬ್ರ್ಯಾಂಡಿನ ಕಸೂತಿ ದಾರ, ಇಷ್ಟೇ ತನ್ನಿ. ದೊಡ್ಡ ಕಿಟ್ ಸುಮ್ನೆ ದಂಡ.

ಹೂವು ಅಳೆಯುವ ಹಾಗೆ ಒಂದು ಮೊಳ ದಾರ ಕತ್ತರಿಸಿ. ಮತ್ತೆ ಮತ್ತೆ ಪೋಣಿಸಲು ಬೇಜಾರು ಎಂದು ಒಂದು ಮಾರು ತೆಗೆದಿರೋ, ಸಂಜೆಯೆಲ್ಲ ಸಿಕ್ಕು ಬಿಡಿಸುತ್ತಾ ಕೂರಬೇಕು. ಆಂಕರ್ ದಾರದಲ್ಲಿ 6 ಎಳೆಗಳಿರುತ್ತವೆ. ಒಂದೊಂದೇ ಎಳೆಯನ್ನು ಮೇಲಕ್ಕೆಳೆದು ಬಿಡಿಸಿ. ಎರಡು ಎಳೆ ಸಾಕು.

ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಅದರ ಮೇಲೆ ರನ್ನಿಂಗ್ ಸ್ಟಿಚ್ ಹಾಕಿ. ಸೂಜಿ ಮೇಲೆ, ಕೆಳಗೆ, ಅಷ್ಟೇ. ಹೊಲಿಗೆ ಅಕ್ಕಿಕಾಳಿನಷ್ಟಿರಲಿ. ಒಂದು ಹೊಲಿಗೆಯಷ್ಟು ಮುಂದೆ ಸೂಜಿ ಮೇಲೆತ್ತಿ, ಹಿಂದಿನ ಹೊಲಿಗೆ ಮುಗಿದ ತೂತಿನಲ್ಲೇ ಇಳಿಸಿದರೆ ಬ್ಯಾಕ್ ಸ್ಟಿಚ್. ಹೆಸರು ಬರೆಯಲು ಇದೇ ಚೆಂದ.

ಚೈನ್ ಸ್ಟಿಚ್‌ಗೆ ಮಾತ್ರ ತಾಳ್ಮೆ ಬೇಕು. ರಿಂಗಿನಲ್ಲಿ ಬಟ್ಟೆ ಕೊಂಚ ಸಡಿಲವಿರಲಿ. ಸೂಜಿಯನ್ನು ಕೆಳಗಿನಿಂದ ಮೇಲೆತ್ತಿ. ದಾರವನ್ನು ಕುಣಿಕೆ ಮಾಡಿ ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿಯಿರಿ. ಬಂದ ತೂತಿನಲ್ಲೇ ಸೂಜಿ ಇಳಿಸಿ, ಅಕ್ಕಿಕಾಳಿನಷ್ಟು ಮುಂದೆ ಮೇಲೆತ್ತಿ. ಕುಣಿಕೆ ಸೂಜಿಯ ಕೆಳಗಿರಬೇಕು. ಈಗ ಮೆಲ್ಲಗೆ ಎಳೆಯಿರಿ. ಜಗ್ಗಿದರೆ ಬಟ್ಟೆ ಸುಕ್ಕಾಗುತ್ತದೆ, ಸರಪಳಿ ಹಗ್ಗವಾಗುತ್ತದೆ. ಮುಂದಿನ ಕುಣಿಕೆ ಈ ಕುಣಿಕೆಯ ಒಳಗಿಂದಲೇ ಹುಟ್ಟುತ್ತದೆ. ಕೊನೆಯದರ ತಲೆಗೆ ಒಂದು ಪುಟ್ಟ ಹೊಲಿಗೆ ಹಾಕದಿದ್ದರೆ ಸಾಲು ಪೂರ್ತಿ ಬಿಚ್ಚಿಕೊಳ್ಳುತ್ತದೆ! ಒಂದೊಂದು ಕುಣಿಕೆಯನ್ನೂ ಹೀಗೆ ಬಿಡಿಬಿಡಿಯಾಗಿ ಕಟ್ಟಿ, ಸುತ್ತ ಐದು ಹಾಕಿದರೆ ಹೂವು ರೆಡಿ. ಇದೇ ಲೇಜಿ ಡೇಜಿ.

ಕೈ ಪಳಗಿದವರ ಕೆಲಸ ನೋಡಬೇಕೆ? ಫೆಬ್ರುವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ ನಡೆಯುತ್ತದೆ. ಸಾಂಪ್ರದಾಯಿಕ ಉಡುಗೆಯಲ್ಲಿ ಬರುವ ಲಂಬಾಣಿ ಹೆಂಗಸರ ಕನ್ನಡಿ ಕೆಲಸ ಗಮನಿಸಿ. ಆ ಹೊಲಿಗೆ ಕಂಡು ನನಗಂತೂ ಹೊಟ್ಟೆಕಿಚ್ಚು.

ಒಂದು ಕಿವಿಮಾತು. ತೊಡೆಯ ಮೇಲೆ ಬಟ್ಟೆ ಇಟ್ಟುಕೊಂಡು ಹೊಲಿಯಬೇಡಿ. ನನ್ನ ಮೊದಲ ಕರವಸ್ತ್ರವನ್ನು ಚೂಡಿದಾರದ ಸಮೇತ ಹೊಲಿದು, ಎದ್ದು ನಿಂತಾಗಲೇ ನನಗೆ ಗೊತ್ತಾಗಿದ್ದು. ಬೆಣ್ಣೆದೋಸೆ ತಿಂದ ಕೈಯನ್ನಂತೂ ಸೋಪು ಹಾಕಿ ತೊಳೆದೇ ಕೂರಿ.

ಕೆಲಸ ನಿಲ್ಲಿಸಿದಾಗ ರಿಂಗ್ ಬಿಚ್ಚಿಡಿ, ಇಲ್ಲವಾದರೆ ಗುಂಡು ಕಲೆ ಉಳಿಯುತ್ತದೆ. ಮುಗಿದ ಮೇಲೆ ಪೆನ್ಸಿಲ್ ಗುರುತು ತೊಳೆದು, ಟವೆಲ್ ಮೇಲೆ ಬಟ್ಟೆಯನ್ನು ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿ.