ತರಕಾರಿ ಸಿಪ್ಪೆ: ಬಾಣಲೆಗೆ ಯಾವುದು, ಬುಟ್ಟಿಗೆ ಯಾವುದು?

ಸಿಪ್ಪೆ, ಸೊಪ್ಪು ಬಳಸುವ ಮೊದಲು ತೊಳೆಯುವುದು ಸರಿಯಾಗಬೇಕು. ಸಿಂಪಡಿಸಿದ ಔಷಧಿ ಹೆಚ್ಚಾಗಿ ಕೂರುವುದು ಅಲ್ಲೇ. ಒಂದು ಲೀಟರ್ ನೀರಿಗೆ 4 ಟೀ ಚಮಚ ಉಪ್ಪು ಹಾಕಿ, ಇಡೀ ತರಕಾರಿಯನ್ನು 10 ನಿಮಿಷ ನೆನೆಸಿ, ಹರಿಯುವ ನೀರಲ್ಲಿ ಉಜ್ಜಿ ತೊಳೆಯಿರಿ. ಇದರಿಂದ ಮೇಲ್ಮೈಯ ಔಷಧಿ ಒಂದಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ.

ಶುರು ಮಾಡಲು ಹೀರೆಕಾಯಿ ಸಿಪ್ಪೆ ಒಳ್ಳೆಯದು, ಅದರಲ್ಲಿ ನಾರಿನಂಶ ಚೆನ್ನಾಗಿದೆ. ಎಳೆಯ ಕಾಯಿಯನ್ನೇ ಆರಿಸಿ; ಬಲಿತದ್ದರ ಸಿಪ್ಪೆ ಎಷ್ಟು ರುಬ್ಬಿದರೂ ಬಾಯಲ್ಲಿ ನಾರು ಉಳಿಯುತ್ತದೆ. ಚೂಪಾದ ಏಣನ್ನು ಮೊದಲು ಹೆರೆದು ಬಿಸಾಡಿ, ಉಳಿದ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ. ಒಂದು ಬಟ್ಟಲು ಸಿಪ್ಪೆಗೆ 2 ಟೀ ಚಮಚ ಎಣ್ಣೆ ಕಾಯಿಸಿ, ಒಂದೊಂದು ದೊಡ್ಡ ಚಮಚ ಕಡಲೆಬೇಳೆ, ಉದ್ದಿನಬೇಳೆ, 4 ಬ್ಯಾಡಗಿ ಮೆಣಸಿನಕಾಯಿ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಸಣ್ಣ ಉರಿಯಲ್ಲಿ 7–8 ನಿಮಿಷ, ಮುದುಡಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಮುಚ್ಚಳ ಮುಚ್ಚಬೇಡಿ, ನೀರು ಬಿಟ್ಟು ಚಟ್ನಿ ಸಪ್ಪೆಯಾಗುತ್ತದೆ. ಆರಿದ ಮೇಲೆ ಕಾಲು ಬಟ್ಟಲು ತೆಂಗಿನತುರಿ, ಚೂರು ಹುಣಸೆಹಣ್ಣು, ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ.

ಕಲ್ಲಂಗಡಿಯ ಬಿಳಿ ತಿರುಳನ್ನು ಅಕ್ಕಿಯೊಂದಿಗೆ ರುಬ್ಬಿ ಮಂಗಳೂರು ಕಡೆ ದೋಸೆ ಹುಯ್ಯುತ್ತಾರೆ. ಹೂಕೋಸಿನ ಎಳೆ ಎಲೆ, ದಂಟು ಪಲ್ಯಕ್ಕೆ ಆಗುತ್ತವೆ.

ಬೀಟ್‌ರೂಟ್ ಸೊಪ್ಪಿನಲ್ಲಿ ವಿಟಮಿನ್ ಎ, ಕೆ ಗಡ್ಡೆಗಿಂತ ಎಷ್ಟೋ ಹೆಚ್ಚು. ಆದರೆ ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಕೂಡ ಹೆಚ್ಚು. ಕಿಡ್ನಿಯಲ್ಲಿ ಕಲ್ಲಾದವರು ಈ ಸೊಪ್ಪು ಬಿಡುವುದೇ ಲೇಸು. ಉಳಿದವರು ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಬಸಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಹೆಚ್ಚಿಸಬಾರದು, ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ.

ಆಲೂಗಡ್ಡೆ ಸಿಪ್ಪೆ ಹಸಿರು ತಿರುಗಿದ್ದರೆ ಆಸೆ ಬಿಡಿ. ಬೆಳಕಿಗೆ ಬಿದ್ದ ಗಡ್ಡೆಯಲ್ಲಿ ಹಸಿರಿನ ಜೊತೆಗೇ ಸೊಲನೈನ್ ಎಂಬ ವಿಷವೂ ಏರುತ್ತದೆ. ಅದು ಸಿಪ್ಪೆಯಲ್ಲಿ, ಮೊಳಕೆಯ ಕಣ್ಣಲ್ಲಿ ಹೆಚ್ಚು. ಬೇಯಿಸಿದರೂ ಕರಿದರೂ ಬಹುಪಾಲು ಉಳಿಯುತ್ತದೆ. ಸ್ವಲ್ಪವೇ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೊಯ್ದು ತೆಗೆಯಿರಿ, ಗಡ್ಡೆಯೇ ಹಸಿರಾಗಿದ್ದರೆ ಎಸೆಯಿರಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸೋರೆಕಾಯಿ, ಹೀರೆಕಾಯಿ, ಸೌತೆಯ ಕಹಿಗೆ. ಹೆಚ್ಚುವ ಮೊದಲು ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ಉಗಿಯಿರಿ. ಕಹಿ ಇದ್ದರೆ ಸಿಪ್ಪೆ, ತಿರುಳು ಎಲ್ಲವನ್ನೂ ಎಸೆಯಬೇಕು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೆ ಹೋಗದು. ಸೋರೆಕಾಯಿ ಜ್ಯೂಸ್ ಮಾಡುವವರು ರುಚಿ ನೋಡುವ ಮೊದಲೇ ನಿಂಬೆರಸ, ನೆಲ್ಲಿಕಾಯಿ ಬೆರೆಸಿದರೆ ಕಹಿ ಗೊತ್ತೇ ಆಗುವುದಿಲ್ಲ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಕಹಿ ಸೋರೆಕಾಯಿ ಸೇವಿಸಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಿ.